ಗ್ರೂಪಿಗೆ ಬೀಗ ಬಿದ್ದ ಭಾನುವಾರ

ದೊಡ್ಡಮ್ಮನ ಫೋನ್ ಬಂದಾಗ ಬೆಳಿಗ್ಗೆ ಆರೂವರೆ. "ಟಿವಿ ವೈರ್ ಕಿತ್ತಿಟ್ಟಿದೀನಿ ಕಣೋ. ಕೇಬಲ್ ಹೋಗಿದೆ ಅಂದಿದೀನಿ. ನೀನು ಒಂದ್ಸಲ ಬಂದುಬಿಡು" ಎಂದರು. ಏನಾಯಿತು ಎಂದು ಕೇಳಬೇಕಾಗಿರಲಿಲ್ಲ. ದೊಡ್ಡಪ್ಪನ ಗುರೂಜಿ ಮೇಲೆ ಆಶ್ರಮದಲ್ಲೇ ಸೇವೆಗಿದ್ದ ಹುಡುಗಿಯೊಬ್ಬಳು ದೂರು ಕೊಟ್ಟಿದ್ದಳು. ಹಿಂದಿನ ರಾತ್ರಿಯಿಂದ ಅದೇ ಸುದ್ದಿ. ಕೇಸು ಇನ್ನೂ ನಡೆಯುತ್ತಿದೆ, ಹಾಗಾಗಿ ಹೆಸರು ಇಲ್ಲಿ ಬೇಡ.

ದೊಡ್ಡಮ್ಮನಿಗೆ ಇದ್ದ ಭಯ ಬೇರೆಯೇ. 14 ವರ್ಷದ ಹಿಂದೆ ದೊಡ್ಡಪ್ಪ ಕುಡಿತ ಬಿಟ್ಟಿದ್ದು ಈ ಗುರೂಜಿ ಕೈಯಲ್ಲಿ ಮಾಲೆ ಹಾಕಿಸಿಕೊಂಡು. ಡಾಕ್ಟರ್ ಬೈದರೂ, ಅಜ್ಜಿ ಅತ್ತರೂ ಬಿಡದಿದ್ದ ಮನುಷ್ಯ ಒಂದು ರುದ್ರಾಕ್ಷಿ ಸರಕ್ಕೆ ಅಂಜಿ ಬಿಟ್ಟಿದ್ದರು. ಇದನ್ನು ನಾನು ಇಲ್ಲ ಅನ್ನಲಾರೆ. ಕೊರಳಿನಿಂದ ಮಾಲೆ ಇಳಿದರೆ ಮನೆಗೆ ಬಾಟಲಿ ಬರುತ್ತೆ ಅನ್ನುವುದು ದೊಡ್ಡಮ್ಮನ ಲೆಕ್ಕ.

ಯಶವಂತಪುರದಲ್ಲಿ ತಿಪಟೂರಿನ ರೈಲು ಹತ್ತಿದೆ. ಕ್ಯಾತ್ಸಂದ್ರ ದಾಟುವಾಗ ಯಾವಾಗಲೂ ಅಪ್ಪನ ಮಾತು ನೆನಪಾಗುತ್ತದೆ. ಅಪ್ಪ, ದೊಡ್ಡಪ್ಪ ಇಬ್ಬರೂ ಅಲ್ಲೇ ಹತ್ತಿರದ ಸಿದ್ದಗಂಗೆ ಮಠದಲ್ಲಿ ಉಂಡು ಓದಿದವರು. ಅಲ್ಲಿ ಯಾರೂ ಜಾತಿ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ತೀರಿಕೊಂಡಾಗ ದೊಡ್ಡಪ್ಪ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ದರ್ಶನ ಮಾಡಿ ಬಂದಿದ್ದರು. ಕಾವಿ ಕಂಡರೆ ತಾನಾಗಿ ಕೈ ಮುಗಿಯುವ ಅಭ್ಯಾಸ ನಮ್ಮ ಮನೆಗೆ ಬಂದಿದ್ದೇ ಅಲ್ಲಿಂದ. ಆ ಸ್ವಾಮೀಜಿ ಅನ್ನ ಹಾಕಿ ಗಳಿಸಿಟ್ಟ ನಂಬಿಕೆಯ ಮೇಲೆ ಎಷ್ಟೋ ಗುರೂಜಿಗಳು ಸಾಲ ಎತ್ತಿಕೊಂಡರು ಅನಿಸುತ್ತದೆ. ನಮ್ಮ ದೊಡ್ಡಪ್ಪನ ಗುರೂಜಿಯಂತೂ ಪಾದಪೂಜೆಗೂ ರೇಟು ಇಟ್ಟಿದ್ದರು. ಹತ್ತಿರ ಕೂರಲು ಒಂದು, ದೂರ ಕೂರಲು ಇನ್ನೊಂದು. "ಕರೆಂಟ್ ಬಿಲ್ ಯಾರಪ್ಪ ಕಟ್ತಾರೆ?" ಅನ್ನುತ್ತಿದ್ದರು ದೊಡ್ಡಪ್ಪ.

ಅವರ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತಿತ್ತು. ಬಿಡದಿ ಆಶ್ರಮದ ನಿತ್ಯಾನಂದನ ವಿಡಿಯೊ ಟಿವಿಯಲ್ಲಿ ಬಂದಿದ್ದು 2010ರಲ್ಲಿ. ದೊಡ್ಡಪ್ಪ ಮಾಲೆ ಹಾಕಿದ್ದು ಅದರ ಮರುವರ್ಷವೇ. "ಇವರು ಹಾಗಲ್ಲ ಕಣೋ" ಅಂದಿದ್ದರು. ಆತ ದೇಶ ಬಿಟ್ಟು ಹೋಗಿ 'ಕೈಲಾಸ' ಅಂತ ಸ್ವಂತ ದೇಶವನ್ನೇ ಘೋಷಿಸಿಕೊಂಡಾಗ ನಾವಿಬ್ಬರೂ ಸೇರಿ ನಕ್ಕಿದ್ದೆವು. 2017ರಲ್ಲಿ ಡೇರಾ ಸಚ್ಚಾ ಸೌದಾದ ರಾಮ್ ರಹೀಮ್‌ಗೆ ಅತ್ಯಾಚಾರದ ಕೇಸಿನಲ್ಲಿ ಶಿಕ್ಷೆಯಾದಾಗ, ಸಾಧ್ವಿಯೊಬ್ಬಳು 2002ರಲ್ಲೇ ಹೆಸರಿಲ್ಲದೆ ಪ್ರಧಾನಿಗೆ ಪತ್ರ ಬರೆದಿದ್ದಳು ಎಂದು ನಾನು ಹೇಳಿದೆ. 15 ವರ್ಷ ಬೇಕಾಯ್ತು ನೋಡಿ ಎಂದೆ. "ಅದು ಉತ್ತರದ ಕಡೆ" ಎಂದರು. 2024ರ ಜುಲೈನಲ್ಲಿ ಹಾಥರಸ್‌ನ ಸತ್ಸಂಗದಲ್ಲಿ ಕಾಲ್ತುಳಿತವಾಗಿ 121 ಜನ ಸತ್ತರು. "ವ್ಯವಸ್ಥೆ ಸರಿ ಇರಲಿಲ್ಲ" ಎಂದರು. ಬೇರೆಯವರ ಗುರುವಿನ ಮೇಲೆ ಎಲ್ಲರಿಗೂ ಅನುಮಾನ. ತಮ್ಮ ಗುರು ಮಾತ್ರ ಬೇರೆ.

ನಾನು ಹೋದಾಗ ದೊಡ್ಡಪ್ಪ ಹಿತ್ತಿಲಲ್ಲಿ ಕೊಬ್ಬರಿ ಚಿಪ್ಪು ಬಿಡಿಸುತ್ತ ಕೂತಿದ್ದರು. ಅದು ಆಳುಗಳು ಮಾಡುವ ಕೆಲಸ. ಮಾಲೆ ಕೊರಳಲ್ಲೇ ಇತ್ತು.

"ಕೇಬಲ್ ಹೋಗಿದೆಯಂತೆ" ಎಂದೆ.

"ಹ್ಞೂಂ, ನಿಮ್ಮ ದೊಡ್ಡಮ್ಮ ಹೇಳಿದ್ಲು" ಎಂದು ಮೊಬೈಲನ್ನು ನನ್ನ ಕಡೆ ತಳ್ಳಿದರು.

ಸತ್ಸಂಗದ ವಾಟ್ಸಾಪ್ ಗ್ರೂಪು. ರಾತ್ರಿ ಹನ್ನೊಂದರವರೆಗೆ ಸಂದೇಶಗಳ ಸುರಿಮಳೆ. ದುಡ್ಡು ಕೊಟ್ಟು ಹೇಳಿಸಿದ್ದಾರೆ. ಹುಡುಗಿ ಯಾವ ಜಾತಿ? ಇದರ ಹಿಂದೆ ಯಾರಿದ್ದಾರೆ? ಆಮೇಲೆ ಇದ್ದಕ್ಕಿದ್ದಂತೆ, ಇನ್ನು ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಬೀಗ. ಅದರ ಕೆಳಗೆ ಒಂದೇ ಒಂದು ಸಾಲು: ಇದು ಗುರುಗಳು ನಮಗಿಟ್ಟ ಪರೀಕ್ಷೆ. ಜೊತೆಗೆ ಕೈ ಮುಗಿಯುವ ಚಿತ್ರ.

"ನಾನೂ ಒಂದು ಮಾತು ಬರೀತಿದ್ದೆ. ನಂಗೆ ಟೈಪ್ ಮಾಡೋದು ನಿಧಾನ ಅಲ್ವಾ? ಅಷ್ಟರಲ್ಲಿ ಬೀಗ ಹಾಕಿದ್ರು" ಎಂದರು.

ಏನು ಬರೀತಿದ್ರಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಎರಡು ಮೂರು ಕಾಯಿ ಬಿಡಿಸಿದ ಮೇಲೆ, ತಲೆ ಎತ್ತದೆ ಹೇಳಿದರು. "ನಮ್ಮ ಹುಡುಗೀನೂ ಅಲ್ಲಿದ್ದಳಲ್ಲೋ. ಎರಡು ಬೇಸಿಗೆ ರಜೆ. ಅವಳು ಬರಲ್ಲ ಅಂತ ಹಟ ಮಾಡಿದ್ಲು. ನಾನೇ ಬೈದು ಕರ್ಕೊಂಡು ಹೋಗಿ ಬಿಟ್ಟು ಬಂದಿದ್ದೆ."

ಆಸಾರಾಮ್ ಕೇಸು ನನಗೆ ಆಗ ನೆನಪಾಯಿತು. ಹುಡುಗಿಯೊಬ್ಬಳ ಮೇಲಿನ ಅತ್ಯಾಚಾರಕ್ಕೆ ಆ ಬಾಪುವಿಗೆ ಜೋಧಪುರದ ಕೋರ್ಟು 2018ರ ಏಪ್ರಿಲ್‌ನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟ ಕೇಸು. ಅಲ್ಲೂ ಹುಡುಗಿ ಆತನದೇ ಗುರುಕುಲದಲ್ಲಿ ಓದುತ್ತಿದ್ದವಳು. ಅಪ್ಪ ಅಮ್ಮ ಇಬ್ಬರೂ ಭಕ್ತರು. ಆಶ್ರಮಕ್ಕೆ ಅವಳನ್ನು ಕರೆದುಕೊಂಡು ಹೋದವರೂ ಅವರೇ. ದೊಡ್ಡಪ್ಪನಿಗೂ ಅದು ನೆನಪಿತ್ತೋ ಏನೋ, ನಾನು ಆ ಮಾತೆತ್ತಲಿಲ್ಲ.

"ಬೆಳಿಗ್ಗೆಯಿಂದ ಮೂರು ಸಲ ಫೋನ್ ಹಚ್ಚಿದೆ. ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿ ಇಟ್ಟೆ. ಬಾಯಿ ಬರಲಿಲ್ಲ. ನೀನು ಕೇಳು" ಎಂದರು.

ಮೈಸೂರಿನಲ್ಲಿ ಕೆಲಸದಲ್ಲಿರುವ ತಂಗಿಗೆ, ಅಂದರೆ ದೊಡ್ಡಪ್ಪನ ಮಗಳಿಗೆ, ತಾರಸಿ ಮೇಲಿಂದ ಫೋನ್ ಮಾಡಿದೆ. ನನಗೂ ನಾಲಿಗೆ ತಡವರಿಸಿತು. ಅವಳೇ ಅರ್ಥ ಮಾಡಿಕೊಂಡಳು. "ಏನೂ ಆಗಿಲ್ಲ ಅಣ್ಣಾ. ಪಾತ್ರೆ ತಿಕ್ಕಿ ತಿಕ್ಕಿ ಕೈ ಸಿಪ್ಪೆ ಎದ್ದಿತ್ತು, ಅಷ್ಟೇ. ಗುರೂಜಿನ ಹತ್ತಿರದಿಂದ ನೋಡಿದ್ದೂ ಇಲ್ಲ. ಹತ್ತಿರ ಬಿಡೋದಕ್ಕೆ ನಮ್ಮ ಮನೇಲಿ ಅಷ್ಟು ದುಡ್ಡೆಲ್ಲಿತ್ತು?" ಎಂದು ನಕ್ಕಳು. ನನ್ನ ಎದೆ ಹಗುರಾಯಿತು. ಇಡಬೇಕು ಅನ್ನುವಷ್ಟರಲ್ಲಿ ಮತ್ತೆ ಮಾತಾಡಿದಳು.

"ಅಪ್ಪಂಗೆ ಸಮಾಧಾನ ಆಗುತ್ತಲ್ವಾ? ಆದ್ರೆ ಒಂದು ಮಾತು. ಏನಾದ್ರೂ ಆಗಿದ್ರೆ ನಾನು ಮನೇಲಿ ಹೇಳ್ತಿರಲಿಲ್ಲ. ಯಾರು ನಂಬ್ತಿದ್ರು? ಅಪ್ಪ ಮೊದಲು ನನಗೇ ಬಾರಿಸ್ತಿದ್ರು."

ಇಲ್ಲ ಕಣೇ ಅನ್ನಬೇಕಿತ್ತು. ಅನ್ನಲಾಗಲಿಲ್ಲ. ಅವಳು ಹೇಳಿದ್ದು ನಿಜ ಅಂತ ಇಬ್ಬರಿಗೂ ಗೊತ್ತಿತ್ತು. ಆಗ ನಾನಾದರೂ ನಂಬುತ್ತಿದ್ದೆನಾ? ನಂಬುತ್ತಿದ್ದೆ ಅಂದುಕೊಳ್ಳುವುದು ಈಗ ಸುಲಭ.

ಕೆಳಗೆ ಬಂದು ಮೊದಲನೆಯ ಅರ್ಧ ಮಾತ್ರ ಹೇಳಿದೆ. ದೊಡ್ಡಪ್ಪ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಆಮೇಲೆ ಮಾಲೆ ಬಿಚ್ಚಿ ಕೊಬ್ಬರಿ ರಾಶಿ ಪಕ್ಕದ ಸ್ಟೂಲಿನ ಮೇಲಿಟ್ಟರು. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದ ದೊಡ್ಡಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಸಂಜೆ ಬಸ್ ಸ್ಟ್ಯಾಂಡ್ ಕಡೆ ಇಬ್ಬರೂ ನಡೆದು ಹೋದೆವು. ಬಾರ್ ಮುಂದೆ ಹಾದಾಗ ನಾನು ಓರೆಗಣ್ಣಿನಲ್ಲಿ ಅವರನ್ನೇ ನೋಡಿದೆ. ಅವರಿಗೆ ಗೊತ್ತಾಯಿತು. "ಹೆದರ್ಕೋಬೇಡವೋ. ಬಿಟ್ಟಿದ್ದು ನಾನು. ಅವನಲ್ಲ" ಎಂದರು. ಅಷ್ಟು ವರ್ಷದಲ್ಲಿ ಗುರೂಜಿಯನ್ನು 'ಅವನು' ಅಂದಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಬಿಡಲು ಬಂದರು. ಖಾಲಿ ಕೊರಳು ಅಭ್ಯಾಸವಿಲ್ಲದೆ ಕೈ ಆಗಾಗ ಅಲ್ಲಿಗೇ ಹೋಗುತ್ತಿತ್ತು. ರೈಲು ದೂರದಲ್ಲಿ ಕಂಡಾಗ ಕೇಳಿದರು.

"ಅವಳು ಇನ್ನೇನಾದ್ರೂ ಅಂದ್ಲಾ?"

"ಇಲ್ಲ ದೊಡ್ಡಪ್ಪ" ಎಂದು ಬ್ಯಾಗು ಎತ್ತಿಕೊಂಡೆ.