ಕರೀ ದ್ರಾಕ್ಷಿ ಸಿರಪ್ಪು, ಗೋಲಿ ಸೋಡ, ತಂಗಿ ಸೀಮಂತ

ಚಿಕ್ಕಬಳ್ಳಾಪುರದ ಕಡೆ ಹುಟ್ಟಿದವರಿಗೆ ಕರೀ ದ್ರಾಕ್ಷಿ ಏನು ಅಂತ ಹೇಳಿಕೊಡಬೇಕಾಗಿಲ್ಲ. ಕಲ್ಲು ಕಂಬ ನೆಟ್ಟು ತಂತಿ ಎಳೆದ ಚಪ್ಪರ, ಅದರ ಕೆಳಗೆ ಬಗ್ಗಿಕೊಂಡು ಓಡಾಡಿದ್ದು, ಬಾಯಿಗೆ ಹಾಕಿ ಒತ್ತಿದ್ರೆ ತಿರುಳು ಪುಳಕ್ ಅಂತ ಈಚೆ ಬಂದು ಸಿಪ್ಪೆ ಕೈಯಲ್ಲೇ ಉಳಿಯೋದು, ಇದೆಲ್ಲ ನಮ್ಗೆ ಬಾಲ್ಯ. ಬೆಂಗಳೂರು ಬ್ಲೂ ಅಂತ ಇದಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು, ಕೂಡ ಇದೆ, ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ, ಈ ಸುತ್ತಮುತ್ತಲೇ ಇದರ ಬೆಳೆ ಜಾಸ್ತಿ. ಆದ್ರೆ ಅಂಗಡೀಲಿ ಬೀಜ ಇಲ್ಲದ ಹಸಿರು ದ್ರಾಕ್ಷಿ ಪಕ್ಕ ಇಟ್ರೆ ಜನ ಇದನ್ನ ಮುಟ್ಟಲ್ಲ. ಬೀಜ ಇದೆ, ಸಿಪ್ಪೆ ದಪ್ಪ, ಹುಳಿ ಅಂತಾರೆ. ನನಗಂತೂ ಆ ದಪ್ಪ ಸಿಪ್ಪೆಯೇ ಈ ಹಣ್ಣಿನ ಆಸ್ತಿ ಅನ್ಸತ್ತೆ, ಬಣ್ಣ ಇರೋದೂ ಅಲ್ಲೇ, ಘಮ ಜಾಸ್ತಿ ಇರೋದೂ ಅಲ್ಲೇ, ಅದನ್ನ ಸರಿಯಾಗಿ ಈಚೆ ತೆಗೆದು ತಣ್ಣಗಿರೋ ಸೋಡಾಗೆ ಬೆರೆಸಿದ್ರೆ ಬೇಸಿಗೆಗೆ ಅದಕ್ಕಿಂತ ಒಳ್ಳೆ ಪಾನೀಯ ನಾನು ಕುಡಿದಿಲ್ಲ.

ಮಾರ್ಚ್ ಕೊನೇಲಿ ಚಿಕ್ಕಪ್ಪನ ಮಗಳ ಸೀಮಂತ ಇತ್ತು, ಊರಿನ ಮನೇಲೇ, ಮನೆ ಮುಂದೆ ಶಾಮಿಯಾನ ಹಾಕ್ಸಿ. ನಮ್ಮೂರು ಶಿಡ್ಲಘಟ್ಟ ರಸ್ತೆ ಕಡೆ ಬರತ್ತೆ, ಮಾರ್ಚ್ ಅಂದ್ರೆ ಅಲ್ಲಿ ಹನ್ನೊಂದು ಗಂಟೆಗೇ ಬಿಸಿಲು ನೆತ್ತಿ ಸುಡೋಕೆ ಶುರು ಆಗಿರತ್ತೆ. ಬರೋ ನೆಂಟರು ಅರವತ್ತು ಎಪ್ಪತ್ತು ಜನ, ಬಂದ ತಕ್ಷಣ ಕುಡಿಯೋಕೆ ಏನು ಕೊಡೋದು ಅಂತ ಮಾತು ಬಂದಾಗ ಚಿಕ್ಕಪ್ಪ, "ಅದಕ್ಕೇನಮ್ಮ ಅಷ್ಟು ಯೋಚ್ನೆ, ಕೂಲ್ ಡ್ರಿಂಕ್ಸ್ ನಾಲ್ಕು ಕೇಸ್ ಹಾಕ್ಸಿಬಿಡ್ತೀನಿ" ಅಂದ್ರು. ಅವರ ತೋಟದಲ್ಲಿ ಆಗ ಬೆಳೆ ಮುಗೀತಾ ಬಂದಿತ್ತು, ವ್ಯಾಪಾರಿ ಬಂದು ಒಳ್ಳೆ ಗೊಂಚಲೆಲ್ಲ ಕೊಯ್ಸಿಕೊಂಡು ಹೋಗಿದ್ದ, ಸಣ್ಣವು, ಅರ್ಧ ಕಾಳು ಉದುರಿದವು ಚಪ್ಪರದಲ್ಲೇ ನೇತಾಡ್ತಿದ್ವು. ಅವೇ ನೋಡಿ ಚೆನ್ನಾಗಿ ಹಣ್ಣಾಗಿರೋವು. "ತೋಟದಲ್ಲಿ ಇಷ್ಟು ಹಣ್ಣಿಟ್ಕೊಂಡು ಬಂದವರಿಗೆ ಬಣ್ಣದ ನೀರು ಕುಡಿಸೋದು ಬೇಡ ಚಿಕ್ಕಪ್ಪ, ನಾನು ಮಾಡ್ತೀನಿ" ಅಂದೆ. ಅವರಿಗೆ ಅಷ್ಟೊಂದು ನಂಬಿಕೆ ಬಂದ ಹಾಗೆ ಕಾಣಲಿಲ್ಲ, ಆದ್ರೂ ಚಿಕ್ಕಮ್ಮ "ಮಾಡ್ಲಿ ಬಿಡ್ರಿ, ಹುಡುಗಿಗೂ ಹುಳಿ ಹುಳಿ ಬೇಕು ಅಂತಾನೇ ಇದಾಳೆ" ಅಂತ ಪಕ್ಷ ವಹಿಸಿದ್ರು.

ಕೊಯ್ಯೋಕೆ ಹೋಗೋ ಮುಂಚೆ ಔಷಧಿ ಯಾವಾಗ ಹೊಡೆದಿದ್ದು ಅಂತ ಕೇಳಿಕೊಂಡೆ. ದ್ರಾಕ್ಷಿಗೆ ಬೂಜು ರೋಗ ಬರಬಾರದು ಅಂತ ಮೈಲುತುತ್ತ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೀತಾರೆ, ಇನ್ನೂ ಬೇರೆ ಔಷಧಿಗಳೂ ಇರ್ತವೆ, ನಾವು ಇಲ್ಲಿ ಸಿಪ್ಪೆ ಸಮೇತ ಬಿಸಿ ಮಾಡ್ತೀವಿ ಅನ್ನೋದು ನೆನಪಿರಬೇಕು. ಕೊನೇ ಸಲ ಹೊಡೆದು ತುಂಬಾ ವಾರ ಆಗಿತ್ತು. ಹಾಗಂತ ತೊಳೆಯೋದು ಬಿಡೋ ಹಾಗಿಲ್ಲ, ದೊಡ್ಡ ಟಬ್ಬಲ್ಲಿ ಉಪ್ಪು ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಎರಡು ಮೂರು ನೀರಲ್ಲಿ ಜಾಲಿಸಿದ್ವಿ. ಹಣ್ಣಿನ ಮೇಲೆ ಬೂದಿ ಸವರಿದ ಹಾಗೆ ಬೆಳ್ಳಗೆ ಕಾಣತ್ತಲ್ಲ, ಅದು ಪೂರ್ತಿ ಔಷಧಿ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಹಣ್ಣೇ ಮಾಡ್ಕೊಳ್ಳೋ ಮೇಣದ ಪದರ ಅದು.

ಐದು ಕೆಜಿ ಹಣ್ಣು ಬಿಡಿಸಿದ್ವಿ, ದೊಡ್ಡಮ್ಮ, ನಾನು, ಪಕ್ಕದ ಮನೆ ಅಕ್ಕ. ದೊಡ್ಡಮ್ಮ ಮಿಕ್ಸಿ ಜಾರ್ ತಂದಿಟ್ರು, ನಾನು ಬೇಡ ಅಂದೆ, ಯಾಕಂದ್ರೆ ಮಿಕ್ಸಿಗೆ ಹಾಕಿದ್ರೆ ಬೀಜ ಒಡೆಯತ್ತೆ, ಬೀಜದಲ್ಲಿರೋ ಒಗರು ಕಹಿ ಎಲ್ಲ ರಸಕ್ಕೆ ಇಳಿಯತ್ತೆ, ಆಮೇಲೆ ಎಷ್ಟು ಸಕ್ಕರೆ ಸುರಿದ್ರೂ ಆ ಒಗರು ನಾಲಿಗೆ ಬಿಡಲ್ಲ. ಸ್ಟೀಲ್ ಪಾತ್ರೇಲಿ ಹಾಕಿ ಕೈಯಲ್ಲೇ ಹಿಸುಕಿದ್ವಿ. ಅಲ್ಯೂಮಿನಿಯಂ ಪಾತ್ರೆ ಹುಳಿ ಹಣ್ಣಿಗೆ ಬೇಡವೇ ಬೇಡ. ಮೊದಲು ರಸ ನೋಡಿದ್ರೆ ಏನೂ ಬಣ್ಣ ಇರಲ್ಲ, ಮಾಸಲು ಗುಲಾಬಿ ಅಷ್ಟೇ, ಏನಪ್ಪ ಇದು ಅನ್ಸತ್ತೆ. ಈ ಹಣ್ಣಿನ ತಿರುಳಲ್ಲಿ ಬಣ್ಣವೇ ಇಲ್ಲ, ಎಲ್ಲಾ ಸಿಪ್ಪೇಲಿ. ಸಣ್ಣ ಉರೀಲಿಟ್ಟು ಕೈಯಾಡಿಸ್ತಾ ಹೋದ್ರೆ ಹತ್ತು ಹದಿನೈದು ನಿಮಿಷದಲ್ಲಿ ಸಿಪ್ಪೆ ತನ್ನ ಬಣ್ಣ ಬಿಟ್ಟುಕೊಡತ್ತೆ, ಮಾಸಲು ಗುಲಾಬಿ ಇದ್ದಿದ್ದು ಕೆಂಪಾಗಿ, ನೇರಳೆ ಆಗಿ, ಕೊನೆಗೆ ಕಪ್ಪಿಗೆ ತಿರುಗತ್ತೆ. ಕುದಿಸಬಾರದು. 65-70 ಡಿಗ್ರಿ ಸಾಕು, ಥರ್ಮಾಮೀಟರ್ ಇಲ್ಲದಿದ್ರೆ ಹಬೆ ಬರ್ತಾ ಇರಬೇಕು ಗುಳ್ಳೆ ಏಳಬಾರದು ಅಂತ ಲೆಕ್ಕ ಇಟ್ಕೊಳ್ಳಿ. ಕುದ್ರೆ ಘಮ ಹಬೆ ಜೊತೆ ಹೊರಟೋಗತ್ತೆ, ಜಾಮ್ ವಾಸನೆ ಬರತ್ತೆ, ಜೊತೆಗೆ ದ್ರಾಕ್ಷೀಲಿ ಪೆಕ್ಟಿನ್ ಇರೋದ್ರಿಂದ ಸಕ್ಕರೆ ಹಾಕಿ ಹೆಚ್ಚು ಕುದಿಸಿದ್ರೆ ಸಿರಪ್ಪು ಜೆಲ್ಲಿ ಥರ ಗಟ್ಟಿ ಆಗೋಕೆ ನೋಡತ್ತೆ.

ಆ ಘಮದ ಬಗ್ಗೆ ಒಂದು ಮಾತು. ಪಾತ್ರೆ ಮುಚ್ಚಳ ತೆಗೆದಾಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಮ್ಮಣ್ಣನ ಮಗ "ಅತ್ತೆ, ಗ್ರೇಪ್ ಚಾಕ್ಲೇಟ್ ವಾಸನೆ ಬರ್ತಿದೆ" ಅಂದ. ನಿಜ ಏನಂದ್ರೆ ಚಾಕ್ಲೇಟ್‌ಗೆ ಆ ವಾಸನೆ ಬಂದಿದ್ದು ಈ ಜಾತಿ ದ್ರಾಕ್ಷಿಯಿಂದ. ಅಮೆರಿಕಾ ಮೂಲದ ಲಬ್ರುಸ್ಕಾ ಅನ್ನೋ ದ್ರಾಕ್ಷಿ ವಂಶ ಇದೆ, ನಮ್ಮ ಕರೀ ದ್ರಾಕ್ಷಿ ಆ ಕಡೆಯದು, ಆ ವಂಶದ ಹಣ್ಣುಗಳ ಘಮಕ್ಕೆ ಕಾರಣ ಆಗೋ ವಸ್ತುಗಳಲ್ಲಿ ಮೀಥೈಲ್ ಆಂಥ್ರನಿಲೇಟ್ ಅನ್ನೋದು ಒಂದು, ಫ್ಯಾಕ್ಟರೀಲಿ ಗ್ರೇಪ್ ಫ್ಲೇವರ್ ಮಾಡೋಕೆ ಬಳಸೋದೂ ಅದನ್ನೇ. ಹಸಿರು ದ್ರಾಕ್ಷೀಲಿ ಈ ವಾಸನೆ ಹುಡುಕಿದ್ರೂ ಸಿಗಲ್ಲ. ಹುಡುಗನಿಗೆ ಇದನ್ನ ಹೇಳಿ ಒಂದು ಚಮಚ ಬಿಸಿ ರಸ ಕೊಟ್ಟೆ, ಆಮೇಲೆ ಅವನು ಅಡುಗೆಮನೆ ಬಿಟ್ಟು ಕದಲಲಿಲ್ಲ.

ಬಿಸಿ ಆರಿದ ಮೇಲೆ ಹಳೇ ಮಲ್ಲು ಪಂಚೆ ಬಟ್ಟೇಲಿ ಸುರಿದು ಗಂಟು ಕಟ್ಟಿ ನೇತು ಹಾಕಿದ್ವಿ. ಕೈ ಹಾಕಿ ಹಿಂಡಿದ್ರೆ ರಸ ಜಾಸ್ತಿ ಬರತ್ತೆ ನಿಜ, ಆದ್ರೆ ಮಡ್ಡಿ ಬರತ್ತೆ, ಮಡ್ಡಿ ಇದ್ರೆ ಸೋಡ ಹಾಕಿದಾಗ ನೊರೆ ಉಕ್ಕಿ ಗ್ಯಾಸೆಲ್ಲ ಹೋಗ್ಬಿಡತ್ತೆ. ತಾನಾಗೇ ತೊಟ್ಟಿಕ್ಕಿದ್ದು ಮೂರು ಲೀಟರ್ ಹತ್ತತ್ರ ಬಂತು. ಅದನ್ನ ರಾತ್ರಿ ಪೂರ್ತಿ ಫ್ರಿಜ್ಜಲ್ಲಿಟ್ಟೆ, ಇದು ತುಂಬಾ ಜನ ಮಾಡದೇ ಇರೋ ಕೆಲಸ. ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಗಾಜಿನ ಪುಡಿ ಥರ ಮಿಣ ಮಿಣ ಅನ್ನೋ ಹರಳು ಕೂತಿತ್ತು. ದೊಡ್ಡಮ್ಮ ಹೆದರಿಕೊಂಡು, "ಗಾಜು ಏನಾದ್ರೂ ಬಿತ್ತೇನೇ, ಚೆಲ್ಲಿಬಿಡೇ, ಬಸುರಿ ಹೆಂಗಸು ಕುಡಿಯೋದು" ಅಂದ್ರು. ಗಾಜಲ್ಲ ಅದು, ದ್ರಾಕ್ಷೀಲಿ ಟಾರ್ಟಾರಿಕ್ ಆಮ್ಲ ಅಂತ ಇರತ್ತೆ, ನಮ್ಮ ಹುಣಸೆಹಣ್ಣಲ್ಲಿರೋ ಹುಳೀನೂ ಅದೇ, ಅದು ಹಣ್ಣಲ್ಲಿರೋ ಪೊಟ್ಯಾಸಿಯಂ ಜೊತೆ ಸೇರಿ ತಣ್ಣಗಾದಾಗ ಹರಳಾಗಿ ಕೂರತ್ತೆ. ಬೇಕರಿಯವರು ಬಳಸೋ ಕ್ರೀಮ್ ಆಫ್ ಟಾರ್ಟರ್ ಅಂದ್ರೆ ಇದೇ. ಒಂದು ಹರಳನ್ನ ಬೆರಳ ಮೇಲಿಟ್ಟು ನಾನೇ ನೆಕ್ಕಿ ತೋರಿಸಿದೆ, ದೊಡ್ಡಮ್ಮನೂ ನೆಕ್ಕಿ "ಹೌದು ಕಣೇ ಹುಳಿ" ಅಂದ ಮೇಲೇನೇ ಅವರಿಗೆ ಸಮಾಧಾನ. ಮೇಲಿನ ತಿಳಿ ಮಾತ್ರ ನಿಧಾನಕ್ಕೆ ಬಗ್ಗಿಸಿಕೊಂಡ್ವಿ.

ಲೀಟರ್ ರಸಕ್ಕೆ ಒಂದು ಕೆಜಿ ಸಕ್ಕರೆ, ಸಕ್ಕರೆ ಕರಗೋಷ್ಟು ಮಾತ್ರ ಬಿಸಿ, ಆಮೇಲೆ ಇಳಿಸಿ ಬಿಸಿನೀರಲ್ಲಿ ಕುದಿಸಿದ ಬಾಟ್ಲಿಗೆ ತುಂಬೋದು. ಈ ಅಳತೆಗೆ ಫ್ರಿಜ್ ಬೇಕೇ ಬೇಕು, ಎರಡು ಮೂರು ವಾರದೊಳಗೆ ಖಾಲಿ ಮಾಡಬೇಕು. ಹೊರಗಡೆ ಇಟ್ಟು ತಿಂಗಳುಗಟ್ಟಲೆ ಬಳಸಬೇಕು ಅಂದ್ರೆ ಲೀಟರಿಗೆ ಒಂದೂವರೆ ಕೆಜಿ ಸಕ್ಕರೆ ಹಾಕಬೇಕಾಗತ್ತೆ, ಆಗ ಸಿರಪ್ಪಲ್ಲಿ ಕರಗಿರೋ ಸಕ್ಕರೆ ಅಂಶ ನೂರಕ್ಕೆ 65 ದಾಟತ್ತೆ, ಅಷ್ಟು ಸಕ್ಕರೇಲಿ ಬೂಜು ಹುಳಿ ಬರೋದು ಕಷ್ಟ. ಕೆಲವರು ಕೆಡದೇ ಇರ್ಲಿ ಅಂತ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಹಾಕ್ತಾರೆ, ನಿಂಬೆ ಮಾವಿಗೆ ಸರಿ, ದ್ರಾಕ್ಷಿ ನೇರಳೆ ಥರ ಬಣ್ಣದ ಹಣ್ಣಿಗೆ ಅದು ಬಣ್ಣ ತೆಗೆದುಹಾಕತ್ತೆ, ಅದಕ್ಕೇ ಇಂಥ ಹಣ್ಣಿಗೆ ಸೋಡಿಯಂ ಬೆಂಜೋಯೇಟ್ ಬಳಸೋದು. ನಾನು ಯಾವುದೂ ಹಾಕಿಲ್ಲ.

ಇನ್ನು ಸೋಡ. ಚಿಕ್ಕಬಳ್ಳಾಪುರದಲ್ಲಿ ಇನ್ನೂ ಗೋಲಿ ಸೋಡ ತುಂಬೋರು ಸಿಕ್ಕಿದ್ರು, ಕ್ರೇಟುಗಟ್ಟಲೆ ಆಟೋಲಿ ಹಾಕಿಸಿಕೊಂಡು ಬಂದ್ವಿ. ಪ್ಲಾಸ್ಟಿಕ್ ಬಾಟ್ಲಿ ಸೋಡ ಸುಲಭ, ಆದ್ರೆ ದೊಡ್ಡ ಬಾಟ್ಲಿ ಒಂದ್ಸಲ ಬಿಚ್ಚಿದ್ರೆ ಮೊದಲ ಲೋಟಕ್ಕಿರೋ ಜೋರು ಕೊನೇ ಲೋಟಕ್ಕಿರಲ್ಲ. ಗೋಲಿ ಸೋಡ ಒಬ್ಬೊಬ್ಬರಿಗೂ ಆಗ ತಾನೇ ಒಡೆದು ಕೊಡೋದು. ಈ ಬಾಟ್ಲಿ ಇಂಗ್ಲೆಂಡಿನ ಹಿರಾಮ್ ಕಾಡ್ ಅನ್ನೋರು 1872ರಲ್ಲಿ ಪೇಟೆಂಟ್ ಮಾಡಿಸಿದ್ದಂತೆ, ಎಷ್ಟು ಜಾಣತನದ ಕೆಲಸ ಅಂದ್ರೆ, ಮುಚ್ಚಳವೇ ಇಲ್ಲ, ಒಳಗಿನ ಗ್ಯಾಸ್ ತಾನೇ ಗೋಲೀನ ಮೇಲಕ್ಕೆ ತಳ್ಳಿ ಬಾಟ್ಲಿ ಕತ್ತಿನಲ್ಲಿರೋ ರಬ್ಬರ್ ವಾಷರ್‌ಗೆ ಒತ್ತಿ ಹಿಡ್ಕೊಂಡಿರತ್ತೆ.

ತಂಪು ಮಾಡೋಕೆ ನೀರಿನ ಡ್ರಮ್ಮಿಗೆ ಐಸ್ ಗಡ್ಡೆ ಒಡೆದು ಹಾಕಿ ಬಾಟ್ಲಿಗಳನ್ನ ಅದರಲ್ಲಿ ಮುಳುಗಿಸಿಟ್ವಿ. ಲೋಟಕ್ಕೆ ಐಸ್ ಹಾಕೋಣ ಅಂದವರಿಗೆ ಬೇಡ ಅಂದೆ, ಗಡ್ಡೆ ಐಸು ಯಾವ ನೀರಿಂದು ಅಂತ ನಮ್ಗೆ ಗೊತ್ತಿರಲ್ಲ, ಹೊರಗಿಂದ ತಂಪು ಮಾಡೋಕೆ ಮಾತ್ರ ಅದು. ತಂಪು ಇರಲೇಬೇಕು, ಇದು ಬರೀ ನಾಲಿಗೆ ಸುಖದ ಮಾತಲ್ಲ, 20 ಡಿಗ್ರಿ ನೀರಿಗಿಂತ ಸೊನ್ನೆ ಡಿಗ್ರಿ ಹತ್ತಿರ ಇರೋ ನೀರು ಹೆಚ್ಚುಕಮ್ಮಿ ಎರಡರಷ್ಟು ಗ್ಯಾಸ್ ಹಿಡ್ಕೊಳ್ಳತ್ತೆ. ಬಿಸಿ ಸೋಡ ಒಡೆದ್ರೆ ಅರ್ಧ ಲೋಟ ನೊರೆ, ಕುಡಿಯೋವಾಗ ಸಪ್ಪೆ.

ಹನ್ನೊಂದೂವರೆಗೆ ಜನ ಬರೋಕೆ ಶುರು. ಲೋಟದ ತಳಕ್ಕೆ 30 ಎಂಎಲ್ ಸಿರಪ್ಪು, ಅದಕ್ಕೆ ಅರ್ಧ ಹೋಳು ನಿಂಬೆಹಣ್ಣು, ಆಮೇಲೆ ಲೋಟ ಓರೆ ಮಾಡಿ ಗೋಡೆಗುಂಟ ಸೋಡ ನಿಧಾನಕ್ಕೆ, ಚಮಚ ತಳದಿಂದ ಒಂದೇ ಸಲ ಎತ್ತಿದ್ರೆ ಸಾಕು. ನಿಂಬೆ ಬಿದ್ದ ಕ್ಷಣ ನೇರಳೆ ಸಿರಪ್ಪು ಮಾಣಿಕ್ಯದ ಕೆಂಪಿಗೆ ತಿರುಗತ್ತೆ, ಅದನ್ನ ನೋಡೋಕೆ ಮಕ್ಕಳೆಲ್ಲ ಟೇಬಲ್ ಸುತ್ತ. ದ್ರಾಕ್ಷಿ ಸಿಪ್ಪೆ ಬಣ್ಣ ಹುಳಿಗೆ ಕೆಂಪಾಗತ್ತೆ, ಕ್ಷಾರಕ್ಕೆ ನೀಲಿ ಹಸಿರಾಗತ್ತೆ. ನಂಬದವರಿಗೆ ಒಂದು ತಟ್ಟೇಲಿ ಎರಡು ಹನಿ ಸಿರಪ್ಪು ಹಾಕಿ ಚಿಟಿಕೆ ಅಡುಗೆ ಸೋಡ ಉದುರಿಸಿ ತೋರಿಸಿದೆ, ಅಸಹ್ಯ ಬೂದು ನೀಲಿ ಬಂತು. ಗ್ಯಾಸ್ ಬರತ್ತೆ ಅಂತ ಮನೇಲಿ ಅಡುಗೆ ಸೋಡ ಹಾಕೋರು ಇದನ್ನ ನೋಡ್ಬೇಕು, ಬಣ್ಣವೂ ಹಾಳು ರುಚಿಯೂ ಹಾಳು.

ಉಪ್ಪು ಬೇಕು ಅಂದವರೂ ಇದ್ರು, ವಯಸ್ಸಾದವರು ಮುಖ್ಯವಾಗಿ. ಹರಳು ಉಪ್ಪು ಲೋಟಕ್ಕೆ ಹಾಕಿದ್ರೆ ಬುಸ್ ಅಂತ ಉಕ್ಕಿ ಮೇಜೆಲ್ಲ ಒದ್ದೆ, ಉಪ್ಪಿನ ಕಾಳು ಕಾಳಿನ ಮೇಲೂ ಗ್ಯಾಸ್ ಗುಳ್ಳೆ ಕಟ್ಟೋದರಿಂದ ಹಾಗೆ. ಅದಕ್ಕೆ ಮೊದಲೇ ಒಂದು ಬಾಟ್ಲಿ ಸಿರಪ್ಪಿಗೆ ಉಪ್ಪು, ಹುರಿದ ಜೀರಿಗೆ ಪುಡಿ, ಶುಂಠಿ ರಸ ಬೆರೆಸಿ ಬೇರೆ ಇಟ್ಟಿದ್ದೆ. ಆ ಜೀರಿಗೆದು ನನಗೆ ಎಲ್ಲಕ್ಕಿಂತ ಇಷ್ಟ ಆಯ್ತು, ದ್ರಾಕ್ಷಿ ಹುಳಿಗೆ ಹುರಿದ ಜೀರಿಗೆ ಇಷ್ಟು ಹೊಂದತ್ತೆ ಅಂತ ಕುಡಿದವರಿಗೇ ಗೊತ್ತು. ಪುದೀನ ಹಾಕಿದ್ದು ಅಷ್ಟು ಹಿಡಿಸಲಿಲ್ಲ, ದ್ರಾಕ್ಷಿ ಘಮ ಮುಚ್ಚಿಬಿಡತ್ತೆ. ನೆನೆಸಿದ ಕಾಮಕಸ್ತೂರಿ ಬೀಜ ಮಕ್ಕಳಿಗೆ ಖುಷಿ. ಶುಗರ್ ಇರೋ ನೆಂಟರಿಗೆ ನೇರವಾಗಿ ಹೇಳಿದೆ, ಮನೇಲಿ ಮಾಡಿದ್ದು ಅಂತ ಸಕ್ಕರೆ ಕಮ್ಮಿ ಇಲ್ಲ, 30 ಎಂಎಲ್ ಸಿರಪ್ಪಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರತ್ತೆ, ಲೋಟ ಕೂಲ್ ಡ್ರಿಂಕ್ಸಲ್ಲಿರೋಷ್ಟೇ, ವ್ಯತ್ಯಾಸ ಇರೋದು ಹಣ್ಣಲ್ಲಿ. ಅವರಿಗೆ ಬರೀ ನಿಂಬೆ ಉಪ್ಪಿನ ಸೋಡ ಕೊಟ್ವಿ.

ತಂಗಿ ಹಸಿರು ಬಳೆ ತೊಟ್ಟು ಹಸೆ ಮೇಲೆ ಕೂತಿದ್ಲು, ಬೆಳಿಗ್ಗೆಯಿಂದ ಏನೂ ಸೇರ್ತಿಲ್ಲ ಅಂತಿದ್ದವಳು ಆರತಿ ಆದ ಮೇಲೆ ಒಂದು ಲೋಟ ಪೂರ್ತಿ ಕುಡಿದು "ಅಕ್ಕ, ಇನ್ನೊಂದು, ನಿಂಬೆ ಜಾಸ್ತಿ" ಅಂದ್ಲು. ನನಗೆ ಅಷ್ಟೇ ಬೇಕಾಗಿದ್ದು. ಚಿಕ್ಕಪ್ಪ ಅಂತೂ ಬಂದವರಿಗೆಲ್ಲ ಲೋಟ ಎತ್ತಿ ಬಿಸಿಲಿಗೆ ಹಿಡಿದು, "ನಮ್ಮ ತೋಟದ್ದು, ವ್ಯಾಪಾರಿ ಬಿಟ್ಟು ಹೋಗಿದ್ದ ಹಣ್ಣು" ಅಂತ ಹೇಳ್ಕೊಂಡು ಓಡಾಡ್ತಿದ್ರು. ಸಂಜೆ ಲೆಕ್ಕ ಹಾಕ್ತಾ ಕೂತಾಗ, ಮುಂದಿನ ಬೆಳೇಲಿ ಉಳಿಯೋ ಹಣ್ಣಿಗೆ ಎಷ್ಟು ಸಕ್ಕರೆ ತರಬೇಕು, ಬಾಟ್ಲಿ ಎಲ್ಲಿ ಸಿಗತ್ತೆ ಅಂತ ಅವರೇ ವಿಚಾರಿಸಿದ್ರು.

ದ್ರಾಕ್ಷಿ ಇಲ್ಲದ ತಿಂಗಳಲ್ಲಿ ಇದೇ ಕ್ರಮ ನೇರಳೆ ಹಣ್ಣಿಗೆ, ದಾಳಿಂಬೆಗೆ ಚೆನ್ನಾಗಿ ಆಗತ್ತೆ. ಮಾವಿನ ಹಣ್ಣಿಗೆ ಬೇಡ, ತಿರುಳು ಗಟ್ಟಿ ಇರೋದ್ರಿಂದ ಸೋಡ ನಿಲ್ಲಲ್ಲ, ಬರೀ ನೊರೆ. ಮಾವಿಂದೇ ಬೇಕು ಅಂದ್ರೆ ಕಾಯಿ ಬೇಯಿಸಿ ತಿಳಿ ಸೋಸಿಕೊಂಡು ಮಾಡ್ಬೇಕು, ಅದಕ್ಕೂ ಆ ಹುರಿದ ಜೀರಿಗೆ ಹಾಕೋದು ಮರೀಬೇಡಿ.