ಮಾರಿಕುಪ್ಪಂ ರೈಲು, ಕಪ್ಪು ಕಲ್ಲು

ಬಂಗಾರಪೇಟೆವರೆಗೂ ಕಿಟಕಿಯಾಚೆ ಕೋಲಾರ ಸೀಮೆಯ ಎಂದಿನ ನೋಟ. ಬೋಳು ಬೆಟ್ಟ, ಒಂದರ ಮೇಲೊಂದು ಕೂತ ಬೂದು ಗುಂಡುಗಳು, ನಡುವೆ ಟೊಮೇಟೊ ತೋಟ. ಅಲ್ಲಿಂದ ಮಾರಿಕುಪ್ಪಂ ಕಡೆಗೆ ಹೊರಳಿದ ಮೇಲೆ ಗುಂಡುಗಳು ಕಡಿಮೆಯಾದವು, ನೆಲದಲ್ಲಿ ಕಪ್ಪು-ಹಸಿರು ಕಲ್ಲು ಇಣುಕತೊಡಗಿತು. ಗಣಿಯ ಪುಡಿ ಸುರಿದ ಸೈನೈಡ್ ಗುಡ್ಡ ಕಂಡರೆ ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ, ಬಂತು ಅನ್ನುತ್ತಾರೆ ಎಲ್ಲರೂ. ನನಗೆ ಕೆಜಿಎಫ್ ಬಂದದ್ದು ಕಲ್ಲಿನ ಬಣ್ಣ ಬದಲಾದ ಜಾಗದಲ್ಲೇ.

ಈ ಕಪ್ಪು ಕಲ್ಲಿನ ಪಟ್ಟಿ ದಕ್ಷಿಣೋತ್ತರವಾಗಿ ಸುಮಾರು 80 ಕಿ.ಮೀ. ಉದ್ದ, ಹೆಚ್ಚಿನ ಕಡೆ ಮೂರ್ನಾಲ್ಕು ಕಿ.ಮೀ. ಅಗಲ ಇದೆ. ಎರಡೂ ಬದಿಗೆ ತಿಳಿಬಣ್ಣದ ಗ್ರಾನೈಟು, ಪಟ್ಟೆಪಟ್ಟೆಯಾದ ನೈಸ್ ಶಿಲೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಲಾವಾ ಉಕ್ಕಿತ್ತು. ನೀರಿಗೆ ತಾಗಿದ ಲಾವಾ ಹೊರಮೈ ಹೆಪ್ಪುಗಟ್ಟಿ ದಿಂಬಿನಂಥ ಉಂಡೆಗಳಾಗುತ್ತದೆ. ಅಂಥ ದಿಂಬು ಲಾವಾ ಮತ್ತು ಜ್ವಾಲಾಮುಖಿ ಸಿಡಿಸಿದ ಚೂರುಗಳಿರುವ ಪೆದ್ದಪಲ್ಲಿಯ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಮೊದಲು ಹೋದದ್ದು ಅಲ್ಲಿಗೇ. ಕಲ್ಲಿನ ಮೇಲೆ ಕೈಯಿಟ್ಟು ತುಂಬ ಹೊತ್ತು ಕೂತಿದ್ದೆ. ನಮ್ಮ ಊರಿನ ಕೆರೆಗಳೇ ಒಣಗಿರುವ ಈ ಸೀಮೆಯಲ್ಲಿ ಸಮುದ್ರದ ತಳವನ್ನು ಮುಟ್ಟುತ್ತಿದ್ದೇನೆ ಅನ್ನುವುದು ಮನಸ್ಸಿಗೆ ಇಳಿಯಲು ಸಮಯ ಬೇಕಿತ್ತು.

ಚಿನ್ನ ಬಂದದ್ದು ಆಮೇಲೆ. ಲಾವಾ ಶಿಲೆ ಭೂಮಿಯ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಹಾರ್ನ್‌ಬ್ಲೆಂಡ್ ಶಿಸ್ಟ್ ಎಂಬ ಕಪ್ಪು ಶಿಲೆಯಾಗಿ ಮಾರ್ಪಟ್ಟಿತು, ಬಿರುಕು ಬಿಟ್ಟಿತು. ಆಳದಿಂದ ಏರಿದ ಬಿಸಿನೀರು ಆ ಬಿರುಕುಗಳಲ್ಲಿ ಬೆಣಚುಕಲ್ಲನ್ನೂ ಅದರೊಳಗೆ ಚಿನ್ನವನ್ನೂ, ಚಿನ್ನದಲ್ಲೇ ಬೆರೆತ ಚೂರು ಬೆಳ್ಳಿಯನ್ನೂ ಬಿಟ್ಟುಹೋಯಿತು. ಚಾಂಪಿಯನ್ ಎಂಬ ಹೆಸರಿನ ಪದರ ಇಂಥದ್ದೇ. 1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಗಣಿ ಕಂಪನಿ ಬಂದ ಮೇಲೆ 120 ವರ್ಷ ಜನ ಬೆನ್ನು ಹತ್ತಿ ಇಳಿದದ್ದು ಮುಖ್ಯವಾಗಿ ಈ ಪದರವನ್ನು. ಒಟ್ಟು ಸುಮಾರು 800 ಟನ್ ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಗಣಿಗೆ ಇಳಿಯುವ ಬಾವಿಗಳಾದ ಶಾಫ್ಟುಗಳ ಹತ್ತಿರ ಹೋಗಲು ಬಿಡುವುದಿಲ್ಲ. ಬೇಲಿಯಾಚೆಯಿಂದಲೇ ತುಕ್ಕು ಹಿಡಿದ ಗೋಪುರ ತೋರಿಸಿದವರು ಗೆಳೆಯನ ತಾತ. ಗಣಿಯಲ್ಲೇ ದುಡಿದು ನಿವೃತ್ತರಾದವರು. ತಮಿಳು ಬೆರೆತ ಕನ್ನಡ.

"ಕೆಳಗೆ ಸೆಕೆ ಹೇಗಿತ್ತು ತಾತ?"

"ಕಲ್ಲೇ ಸುಡ್ತಿತ್ತಪ್ಪ. ಬೆನ್ನು ತಾಗಿಸೋಕಾಗ್ತಿರ್ಲಿಲ್ಲ."

ಮೂರು ಕಿ.ಮೀ.ಗಿಂತ ಆಳದಲ್ಲಿ ಕಲ್ಲಿನ ಉಷ್ಣತೆ 60 ಡಿಗ್ರಿ ದಾಟಿತ್ತು. ಆದರೆ ಭೂವಿಜ್ಞಾನದ ದೃಷ್ಟಿಯಿಂದ ಇದು ಕಡಿಮೆಯೇ. ಸಾಮಾನ್ಯವಾಗಿ ಕಿಲೋಮೀಟರಿಗೆ 25-30 ಡಿಗ್ರಿ ಏರುವ ಶಾಖ ಇಲ್ಲಿ ಅದರ ಅರ್ಧದಷ್ಟೂ ಏರುವುದಿಲ್ಲ. ದಕ್ಷಿಣ ಭಾರತದ ಈ ತಳಪಾಯ ಅಷ್ಟು ಹಳೆಯದು, ಅಷ್ಟು ಆರಿದ್ದು. ನೆಲ ಹೊಸದಾಗಿದ್ದರೆ ಮನುಷ್ಯ ಇಷ್ಟು ಆಳಕ್ಕೆ ಇಳಿಯುವ ಮಾತೇ ಇರಲಿಲ್ಲ. ಇದೇ ಕಲ್ಲಿನ ಹೊದಿಕೆಯ ಕೆಳಗೆ, ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ, ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತ್ತು. ಉಳಿದ ವಿಶ್ವಕಿರಣಗಳನ್ನು ತಡೆಯಲು ಬೇಕಿದ್ದದ್ದು ಇಷ್ಟು ದಪ್ಪದ ಬಂಡೆ.

ಆದರೆ ಈ ಗಟ್ಟಿತನವೇ ಜೀವಗಳನ್ನೂ ತೆಗೆದಿದೆ. ಮೆತ್ತಗಿನ ಕಲ್ಲು ಭಾರಕ್ಕೆ ನಿಧಾನವಾಗಿ ಬಾಗುತ್ತದೆ. ಇಲ್ಲಿನ ಕಲ್ಲು ಬಾಗದೆ ಒತ್ತಡವನ್ನೆಲ್ಲ ನುಂಗಿಕೊಂಡು ನಿಲ್ಲುತ್ತದೆ. ಅದಿರು ತೆಗೆದು ಖಾಲಿಯಾದ ಕಡೆ ಆ ಒತ್ತಡ ಒಂದೇ ಏಟಿಗೆ ಬಿಡುಗಡೆಯಾಗಿ ಬಂಡೆ ಸಿಡಿಯುತ್ತದೆ. ರಾಕ್ ಬರ್ಸ್ಟ್. ದೊಡ್ಡದಾದರೆ ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಿ ಬೀಳುತ್ತಿದ್ದವು. ಹೆಂಗಸರು ಬಾಗಿಲಿಗೆ ಬಂದು ಶಾಫ್ಟ್ ಕಡೆ ನೋಡುತ್ತ ನಿಲ್ಲುತ್ತಿದ್ದರು ಎಂದು ತಾತ ಹೇಳಿದರು. ಚಿನ್ನದ ಕಥೆ ಬರೆಯುವವರು ಈ ಬಾಗಿಲುಗಳನ್ನು ಮರೆಯಬಾರದು.

ಸಂಜೆ ಸೈನೈಡ್ ಗುಡ್ಡಗಳ ಕಡೆ ಹೋದೆವು. ಕಪ್ಪು ಶಿಲೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬಳಸಿ ಚಿನ್ನ ತೆಗೆದು, ಚೆಲ್ಲಿದ ಪುಡಿ ಇದು. ಮಳೆ ಕೊರೆದ ಸಾಲುಗಳು ಚಂದ ಕಾಣುತ್ತವೆ, ಫೋಟೋ ತೆಗೆಯುವವರೂ ಇದ್ದರು. ಗಾಳಿ ಎದ್ದಾಗ ಧೂಳು ಬಡಾವಣೆಗಳ ಕಡೆಗೆ ಹೋಯಿತು. ನನಗೆ ಫೋಟೋ ತೆಗೆಯಲು ಮನಸ್ಸಾಗಲಿಲ್ಲ.

ಹಿಂದಿರುಗುವಾಗ ರಸ್ತೆ ಬದಿಯಲ್ಲಿ ಒಂದು ಕಪ್ಪು ಬಂಡೆ ಎದ್ದಿತ್ತು. ತಾತ ಕೈಯಲ್ಲಿದ್ದ ಕೋಲಿನ ಕಬ್ಬಿಣದ ತುದಿಯಿಂದ ಅದನ್ನು ತಟ್ಟಿದರು. ಗಣಿಯೊಳಗೆ ಕೆಲಸಕ್ಕೆ ಮುಂಚೆ ತಲೆಯ ಮೇಲಿನ ಕಲ್ಲನ್ನು ಹಾರೆಯಿಂದ ಹೀಗೇ ತಟ್ಟಿ ನೋಡುತ್ತಿದ್ದರಂತೆ.

"ಠಣ್ ಅಂದ್ರೆ ಗಟ್ಟಿ. ದಬ್ ಅಂದ್ರೆ ಒಳಗೆ ಬಿಟ್ಕೊಂಡಿದೆ, ಅಲ್ಲಿ ನಿಲ್ಲಬಾರ್ದು."

ಕಲ್ಲು ಠಣ್ ಅಂದಿತು. ಇನ್ನೂ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ತಾತ ಸ್ಟೇಷನ್ನಿನ ದಾರಿ ಹಿಡಿದರು.