ಅಮ್ಮನಿಗೆ ಡೇಟಾಬೇಸ್ ಕೆಲಸ ಹೇಳುವುದು ಹೇಗೆ

"ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀಯೋ?" ಅಂತ ಅಮ್ಮ ಕೇಳಿದಾಗ "ಡೇಟಾಬೇಸ್ ಅಡ್ಮಿನ್" ಅಂದುಬಿಡಬೇಡಿ (ಡೇಟಾಬೇಸ್ ಅಂದರೆ ಮಾಹಿತಿಯನ್ನು ಜೋಡಿಸಿಡುವ ವ್ಯವಸ್ಥೆ, ಅಡ್ಮಿನ್ ಅಂದರೆ ಅದನ್ನು ನೋಡಿಕೊಳ್ಳುವವರು). ಹುದ್ದೆಯ ಹೆಸರು ಕೇಳಿ ಯಾರಿಗೂ ಕೆಲಸ ತಿಳಿಯುವುದಿಲ್ಲ. ಹಣ ಕಳಿಸುವುದರಿಂದ ಶುರು ಮಾಡಿ, ಅದು ಎಲ್ಲರಿಗೂ ಗೊತ್ತು.

ಒಂದೇ ಬ್ಯಾಂಕಿನ ಒಂದು ಖಾತೆಯಿಂದ ಇನ್ನೊಂದಕ್ಕೆ 500 ಹೋಗಬೇಕು. ಇಲ್ಲಿ ಕಳೆಯಬೇಕು, ಅಲ್ಲಿ ಕೂಡಬೇಕು. ಕಳೆದಾಯಿತು, ಕೂಡುವ ಮೊದಲೇ ಕರೆಂಟ್ ಹೋಯಿತು. ಆಗ? ಅದಕ್ಕೇ ಡೇಟಾಬೇಸ್ ಮೊದಲು ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಂಥ ದಾಖಲೆಯಲ್ಲಿ, ಬರೆದುಕೊಳ್ಳುತ್ತದೆ, ಖಾತೆಗೆ ಏರಿಸುವುದು ಆಮೇಲೆ. ಯಂತ್ರ ಮತ್ತೆ ಎದ್ದಾಗ ಆ ಕಿರ್ದಿ ಓದಿ, ಪೂರ್ತಿಯಾದದ್ದನ್ನು ಉಳಿಸುತ್ತದೆ, ಅರ್ಧಕ್ಕೆ ನಿಂತದ್ದನ್ನು ಅಳಿಸುತ್ತದೆ. ಲೆಕ್ಕ ಬರೆದು ಅಭ್ಯಾಸವಿರುವ ಅಪ್ಪನಿಗೆ ಇಷ್ಟು ಸಾಕು, ಉಳಿದದ್ದನ್ನು ಅವರೇ ಕೆದಕಿ ಕೇಳುತ್ತಾರೆ.

ಇನ್ನು ಬ್ಯಾಕಪ್, ಅಂದರೆ ಮಾಹಿತಿ ಹಾಳಾದರೆ ಬೇಕಾಗುತ್ತದೆಂದು ತೆಗೆದಿಡುವ ಪ್ರತಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಇದು ಸುಲಭ. ಕಷ್ಟದ್ದು ಅಂದರೆ ಆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಹಾಕಿ, ನಿಜಕ್ಕೂ ತೆರೆಯುತ್ತದೆಯೇ ಅಂತ ಆಗಾಗ ನೋಡುವುದು. ಡಿಸ್ಕ್ ತುಂಬಿ ಫೈಲ್ ಅರ್ಧಕ್ಕೇ ನಿಂತಿರಬಹುದು; ಬೀಗ ಹಾಕಿದ ಪ್ರತಿಯ ಕೀ ಕಳೆದಿರಬಹುದು. ಬೇಕಾದ ದಿನವೇ ಇದು ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ. ಈ ಮಾತನ್ನು ಮಾತ್ರ ಅವಸರ ಮಾಡದೆ ಹೇಳಿ, ಕೆಲಸದ ಭಾರ ಇರುವುದೇ ಇಲ್ಲಿ.

ರಾತ್ರಿ ಎರಡಕ್ಕೆ ಯಾಕೆ ಫೋನ್ ಬರುತ್ತದೆ ಅಂತ ಕೇಳಿದರೆ ಲೆಕ್ಕ ಹಾಕಿ ತೋರಿಸಿ. ಡೇಟಾಬೇಸ್ 99.9 ಶೇಕಡಾ ಸಮಯ ನಡೆಯಬೇಕು ಅಂದರೆ ವರ್ಷದಲ್ಲಿ ನಿಲ್ಲಬಹುದಾದದ್ದು ಸುಮಾರು 8 ಗಂಟೆ 45 ನಿಮಿಷ. 99.99 ಅಂದರೆ ಬರೀ 52 ನಿಮಿಷ, ಇಡೀ ವರ್ಷಕ್ಕೆ.